ನಮ್ಮ ಶುಕ್ರವಾರಗಳನ್ನು ತಿಂದ ಬಿಲ್ಲುಗಾರರು

ಹೋದ ತಿಂಗಳು ಅವರು ಮಂಗಳೂರಿನಲ್ಲಿ ತೀರಿಕೊಂಡರು. ನಮ್ಮವರ ಹಳೆಯ ಸಹೋದ್ಯೋಗಿಗಳ ವಾಟ್ಸಾಪ್ ಗುಂಪಿನಲ್ಲಿ ಎರಡು ದಿನ ಬರೀ ಮುಗಿದ ಕೈಗಳ ಚಿತ್ರ. ಒಬ್ಬರು 'ನಮಗೆಲ್ಲ ತಂದೆಯಂತಿದ್ದರು' ಎಂದು ಬರೆದರು, ಇನ್ನೊಬ್ಬರು 'ದೊಡ್ಡ ಮನಸ್ಸಿನ ಮನುಷ್ಯ' ಎಂದು. ಹೀಗೆ ಬರೆದ ಇಬ್ಬರ ಅಂಗೈ ಬೊಬ್ಬೆಗಳಿಗೂ ಒಂದು ಕಾಲದಲ್ಲಿ ತೆಂಗಿನೆಣ್ಣೆ, ಅರಿಶಿನ ಕಟ್ಟಿ ಕಳಿಸಿದವಳು ನಾನು. ಊರಿನವರೆಲ್ಲ ಸೇರಿ ಒಂದು ನೆನಪಿನ ಪುಸ್ತಿಕೆ ತರುತ್ತಾರಂತೆ. "ಅಕ್ಕ, ನೀವು ಚೆಂದ ಬರೀತೀರಿ, ಸಾರ್ ಬಗ್ಗೆ ಒಂದು ಪುಟ ಕೊಡಿ" ಎಂದು ಕೇಳಿದರು. ಒಂದು ಪುಟ ಬರೆದೆ. ಓದಿ ನೋಡಿದರೆ ಯಾರದೋ ಮದುವೆಯ ಮಂಗಳಪತ್ರದ ಹಾಗಿತ್ತು. ಹರಿದು ಹಾಕಿದೆ. ಇದು ಎರಡನೆಯ ಸಲ ಕೂತು ಬರೆದದ್ದು. ಅವರು ಅಚ್ಚು ಹಾಕಿದರೆ ಹಾಕಲಿ, ಬಿಟ್ಟರೆ ಬಿಡಲಿ.

ಅವರು ನಮ್ಮವರ ಮ್ಯಾನೇಜರ್ ಆಗಿದ್ದರು. ಕಟ್ಟಡ ಸಾಮಾನು ಮಾರುವ ಕಂಪೆನಿ, ದುಬೈಯ ಅಲ್ ಕುಸೈಸಿನಲ್ಲಿ ಗೋದಾಮು. ನಮ್ಮವರು ಅಲ್ಲಿ ಸ್ಟೋರ್‌ಕೀಪರ್. ಆಗ ನಾವು ಇಂಟರ್‌ನ್ಯಾಷನಲ್ ಸಿಟಿಯ ಒಂದು ಸ್ಟುಡಿಯೋ ಫ್ಲಾಟಿನಲ್ಲಿದ್ದೆವು. ಮಗಳು ಎರಡನೆಯ ಕ್ಲಾಸು. ಎಲ್ಲರೂ ಅವರನ್ನು ಸಾರ್ ಎನ್ನುತ್ತಿದ್ದರು, ನಾನೂ. ಅವರು ನನ್ನನ್ನು 'ಜಯಕರನ ಮಿಸೆಸ್' ಎನ್ನುತ್ತಿದ್ದರು. ಹನ್ನೊಂದು ವರ್ಷ ಹಾಗೆಯೇ ನಡೆಯಿತು. ನನಗೆ ಅಪ್ಪ ಅಮ್ಮ ಇಟ್ಟ ಒಂದು ಹೆಸರೂ ಇರಬಹುದೆಂದು ಅವರಿಗೆ ಹೊಳೆದಂತಿರಲಿಲ್ಲ.

ಎತ್ತರದ ಆಳು. ಮರಳಿನಲ್ಲಿ ನಡೆದರೂ ಬಿಳಿ ಬೂಟಿಗೆ ಧೂಳು ಅಂಟಬಾರದು. ಬೆನ್ನು ನೆಟ್ಟಗೆ. ಮಾತಾಡುವಾಗ ಎದುರಿನವರ ಮುಖ ನೋಡುವ ಬದಲು ತನ್ನ ಕೈಗಡಿಯಾರ ನೋಡುತ್ತಿದ್ದರು. 'ಅದು ನನಗೆ ಗೊತ್ತುಂಟು' ಎನ್ನುವುದು ಅವರ ಮಾತು. ಯಾರು ಏನು ಹೇಳಿದರೂ ಅದೇ. ನನ್ನ ಅತ್ತೆ ತೀರಿಕೊಂಡ ದಿನ ನಮ್ಮವರು ಊರಿಗೆ ಹೋಗಲು ರಜೆ ಕೇಳಲು ಹೋದರೆ, "ಗೊತ್ತುಂಟು, ಯಾರೋ ಹೇಳಿದ್ರು. ಎಷ್ಟು ದಿನ?" ಎಂದರಂತೆ. ಐದು ದಿನ ಕೊಟ್ಟರು. ಹೆತ್ತ ತಾಯಿಯ ಬೊಜ್ಜದ ದಿನ, ಉತ್ತರಕ್ರಿಯೆಯ ಹೊತ್ತಿಗೆ, ಮಗ ಇಲ್ಲಿ ಗೋದಾಮಿನಲ್ಲಿ ಪೈಪು ಎಣಿಸುತ್ತಿದ್ದ. ಆದರೆ ಬೆಂಕಿ ಇಡುವ ಹೊತ್ತಿಗಾದರೂ ಊರು ಮುಟ್ಟಿದರಲ್ಲ ಎಂದು ದೇವರಿಗೆ ಕೈ ಮುಗಿದೆ. ನಾನು ಹೀಗೆಯೇ. ಸಿಕ್ಕಿದ ಚೂರುಪಾರನ್ನು ಸೆರಗಿಗೆ ಕಟ್ಟಿಕೊಳ್ಳುವವಳು.

ಅವರಿಗೆ ಬಿಲ್ಲುವಿದ್ಯೆಯ ಹುಚ್ಚಿತ್ತು. ಕಾಲೇಜಿನಲ್ಲಿದ್ದಾಗ ಯಾವುದೋ ಶಿಬಿರದಲ್ಲಿ ಕಲಿತದ್ದಂತೆ. ಐವತ್ತು ದಾಟಿದ ಮೇಲೆ ಅದು ಮರುಕಳಿಸಿತು. ದುಬೈಯ ಒಂದು ಕ್ಲಬ್ಬಿಗೆ ಸೇರಿದರು. ಅಲ್ಲಿ ಕಲಿಸುವವನ ಮಾತು ಕೇಳುವುದು ಒಗ್ಗಲಿಲ್ಲ, ಬಿಟ್ಟರು. ತನ್ನದೇ ಒಂದು ಜಾಗ ಮಾಡಿಕೊಳ್ಳಬೇಕೆಂದು ಹೊರಟರು. ಕಂಪೆನಿಯ ಹಳೆಯ ಗಿರಾಕಿ ಒಬ್ಬ ಅರಬಾಬ್, ಎಂದರೆ ಇಲ್ಲಿಯ ಅರಬ್ ಧಣಿ, ಇದ್ದರು, ವಯಸ್ಸಾದ ಒಳ್ಳೆಯ ಮನುಷ್ಯ. ಊರ ಹೊರಗೆ, ಅವೀರ್ ಆಚೆ ಅವರಿಗೊಂದು ಮಜ್ರಾ ಇತ್ತು. ಮಜ್ರಾ ಎಂದರೆ ಇಲ್ಲಿಯ ತೋಟ: ಎದುರಿಗೆ ಖರ್ಜೂರದ ಸಾಲು, ನಡುವೆ ಮೇವಿನ ಹುಲ್ಲಿನ ಗದ್ದೆ, ಆಡುಗಳ ಕೊಟ್ಟಿಗೆ, ಹಿಂದೆ ಬರೀ ಮರಳು. ಆ ಹಿಂದಿನ ಮೂಲೆಯನ್ನು ಅರಬಾಬ್ ಬಿಟ್ಟುಕೊಟ್ಟರು, ಬಿಲ್ಲು ಬಳಸಲು ಬೇಕಾದ ಕಾಗದಪತ್ರವನ್ನೂ ಮಾಡಿಸಿಕೊಟ್ಟರು.

ಜಾಗ ಸಿಕ್ಕಿತು. ಕೆಲಸಕ್ಕೆ ಆಳು? ಆಳುಗಳು ಗೋದಾಮಿನಲ್ಲೇ ಇದ್ದರು.

ಗುರುವಾರ ಸಂಜೆ ಆರಕ್ಕೆ ಫೋನ್ ಬರುತ್ತಿತ್ತು. "ಜಯಕರ, ನಾಳೆ ಪಿಕ್ನಿಕ್. ಆರೂವರೆಗೆ ಕೆಳಗೆ ನಿಂತಿರು. ಮಿಸೆಸಿಗೆ ಹೇಳು, ಊಟ ಹತ್ತು ಜನಕ್ಕೆ." ಅಷ್ಟೇ, ಫೋನ್ ಕಟ್. ಬೇಡವೆಂದು ಹೇಳಬಹುದಿತ್ತಲ್ಲ ಎಂದು ಊರಿನಲ್ಲಿ ಕೂತವರು ಕೇಳಿಯಾರು. ಇಲ್ಲಿ ನಮ್ಮ ವೀಸಾ ಕಂಪೆನಿಯದ್ದು. ರಿನ್ಯೂವಲಿನ ಕಾಗದ ಮೊದಲು ಹೋಗುವುದು ಮ್ಯಾನೇಜರ್ ಮೇಜಿಗೆ. ಅವರು ಯಾರಿಗೂ ಬೈದವರಲ್ಲ, ಬೆದರಿಸಿದವರಲ್ಲ. ಪಿಕ್ನಿಕ್ ಎಂಬ ಒಂದೇ ಮಾತು ಸಾಕಿತ್ತು.

ನಮ್ಮ ಕಂಪೆನಿಗೆ ವಾರಕ್ಕೆ ಒಂದೇ ರಜೆ, ಶುಕ್ರವಾರ. ಅಂದು ಬೆಳಿಗ್ಗೆ ಅಲ್ ಕುಸೈಸಿನ ಒಬ್ಬರ ಮನೆಯಲ್ಲಿ ಭಜನೆ. ಹದಿನೈದು ಹೆಂಗಸರು, ಒಂದು ಹಾರ್ಮೋನಿಯಂ, ನಾಲ್ಕು ಜೊತೆ ತಾಳ, ಕೊನೆಗೆ ಒಂದು ಹಿಡಿ ಕೋಸಂಬರಿ. ವಾರವಿಡೀ ನಾನು ಒಲೆಯ ಮುಂದೆ ನಿಲ್ಲುವುದು ಆ ಎರಡು ಗಂಟೆಯ ನೆಚ್ಚಿನಲ್ಲಿ. ಆ ಚಳಿಗಾಲ ಅದು ಪೂರಾ ಹೋಯಿತು. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಹತ್ತು ಜನಕ್ಕೆ ಅನ್ನ, ಸಾಂಬಾರು, ಪಲ್ಯ. ಅವರು ಬಂದು ಒಂದೊಂದೇ ಪಾತ್ರೆಯ ಮುಚ್ಚಳ ಎತ್ತಿ ಮೂಸಿ, ಬಾಯಿಗೆ ಹಾಕುವ ಮೊದಲೇ "ಉಪ್ಪು ಕಡಿಮೆ" ಎನ್ನುತ್ತಿದ್ದರು.

ಗಂಡಸರ ಕೆಲಸ ನೋಡಿದರೆ ನನ್ನದು ಏನೂ ಅಲ್ಲ. ಮೊದಲು ಹಗ್ಗ ಹಿಡಿದು ಅಳತೆ. ಗೂಟ ಹೊಡೆದು ಗೆರೆ. ಆಮೇಲೆ ಕಲ್ಲು ಹೆಕ್ಕುವುದು. ಬಾಣ ಕಲ್ಲಿಗೆ ತಾಗಿದರೆ ಸೀಳುತ್ತದೆಂದು ಅಷ್ಟುದ್ದ ಜಾಗದಲ್ಲಿ ಹೆಬ್ಬೆರಳಿನ ಗಾತ್ರದ ಕಲ್ಲೂ ಉಳಿಯಬಾರದು. ಮೂರು ಶುಕ್ರವಾರ ನಾಲ್ಕು ಜನ ಬಗ್ಗಿಕೊಂಡೇ ಇದ್ದರು. ನಮ್ಮವರ ಸೊಂಟ ಮೊದಲೇ ಸರಿಯಿಲ್ಲ. ನಂತರ ಹಲಗೆ ಎಳೆದು ನೆಲ ಸಮ ಮಾಡುವುದು. ಒಣಹುಲ್ಲಿನ ಕಟ್ಟುಗಳನ್ನು ಮೂರು ಸಾಲು ಎತ್ತರಕ್ಕೆ ಪೇರಿಸಿ, ಗೋದಾಮಿನ ಲಾರಿ ಬೆಲ್ಟಿನಿಂದ ಬಿಗಿದು, ಅದರ ಮೇಲೆ ಗುರಿಯ ಕಾಗದ. ಅದರ ಹಿಂದೆ ಪೈಪಿನ ಚೌಕಟ್ಟಿಗೆ ಹಳೆಯ ಕಾರ್ಪೆಟ್ಟುಗಳನ್ನು ಸಡಿಲವಾಗಿ ನೇತುಹಾಕುವುದು. ಬಿಗಿಯಾಗಿದ್ದರೆ ಬಾಣ ತೂರಿ ಹೋಗುತ್ತದೆ, ಜೋತಾಡುತ್ತಿದ್ದರೆ ಅದರ ಮಡಿಲಿಗೆ ಬಿದ್ದು ನಿಲ್ಲುತ್ತದೆ. ಇದನ್ನು ಅವರೇ ತೋರಿಸಿದರು. ಅದರಲ್ಲಿ ಅವರು ಜಾಣರು, ಇಲ್ಲವೆನ್ನುವುದಿಲ್ಲ. ಎಲ್ಲಕ್ಕೂ ಹಿಂದೆ ಮರಳಿನ ದಿಬ್ಬ. ಆಳೆತ್ತರಕ್ಕಿಂತ ಹೆಚ್ಚು ಏರಿಸಬೇಕೆಂದು ಹೊರಟದ್ದು ಎದೆಯ ಮಟ್ಟಕ್ಕೆ ಬಂದಾಗ, "ಸಾಕು ಮಾರಾಯ, ಖಲಾಸ್. ನಾನು ಗುರಿ ತಪ್ಪುವವನಾ?" ಎಂದು ನಿಲ್ಲಿಸಿಬಿಟ್ಟರು. ಬಿಲ್ಲು ಹಿಡಿಯುವ ಆತುರ.

ಆ ಕಾರ್ಪೆಟ್ಟುಗಳನ್ನು ಅಬುಧಾಬಿಯ ಅಲ್ ಮೀನಾದ ಕಾರ್ಪೆಟ್ ಸಂತೆಯಿಂದ ಹಳೆಯ ರಾಶಿಯಲ್ಲಿ ತಂದದ್ದು. ನೇತುಹಾಕುವಾಗ ಅವುಗಳ ನಡುವೆ ಒಂದು ಚಿಕ್ಕದು, ಮಸೀದಿಯ ಕಮಾನಿನ ಚಿತ್ರದ್ದು ಬಂತು. ನಮಾಜಿನ ಚಾಪೆ. ಮಜ್ರಾ ನೋಡಿಕೊಳ್ಳುತ್ತಿದ್ದ ಇಸ್ಮಾಯಿಲಣ್ಣ ಏಣಿ ಹಿಡಿದುಕೊಂಡಿದ್ದರು. ಉಳ್ಳಾಲ ಕಡೆಯ ಬ್ಯಾರಿ, ನನಗಿಂತ ಹತ್ತು ವರ್ಷ ದೊಡ್ಡವರಾದರೂ ನನ್ನನ್ನು ಅಕ್ಕ ಎನ್ನುತ್ತಿದ್ದರು. ಅವರ ಮುಖ ಬಿಳಿಚಿತು. ನಾನೇ ಹೇಳಿದೆ, "ಸಾರ್, ಅದು ದೇವರ ಸಾಮಾನು." ಸಾರ್ ಒಮ್ಮೆ ನೋಡಿದರು. ಸ್ವತಃ ಏಣಿ ಹತ್ತಿ ಬಿಚ್ಚಿ, ಧೂಳು ಕೊಡವಿ, ಮಡಚಿ ಇಸ್ಮಾಯಿಲಣ್ಣನ ಕೈಗೆ ಕೊಟ್ಟರು. "ನನಗೆ ಗೊತ್ತುಂಟು" ಎಂದರು. ಆ ದಿನ ಅವರ ಬಗ್ಗೆ ನನಗಿದ್ದ ಸಿಟ್ಟಿನಲ್ಲಿ ಒಂದು ಚಮಚದಷ್ಟು ಕಡಿಮೆಯಾಯಿತು. ಅದನ್ನೂ ಬರೆದಿಡಬೇಕು, ಬರೆದಿದ್ದೇನೆ.

ಈಗ ನನ್ನ ತಪ್ಪಿನ ವಿಷಯ.

ಮೊದಲ ದಿನ, ಇನ್ನೂ ಗೂಟ ಹೊಡೆಯುವ ಮೊದಲು, ಅವರು ತೆಂಗಿನಕಾಯಿ ಒಡೆಯಬೇಕೆಂದರು. ನನ್ನ ಕಡೆ ತಿರುಗಿ, "ಜಯಕರನ ಮಿಸೆಸ್, ನೀವು ಪೂಜೆ ಪುನಸ್ಕಾರದವರು. ಯಾವ ದಿಕ್ಕಿಗೆ ಮುಖ ಮಾಡಿ ಬಾಣ ಬಿಡ್ಬೇಕು, ಹೇಳಿ" ಎಂದರು. ಅಷ್ಟು ಜನರೆದುರು ಅವರು ನನ್ನನ್ನು ಒಂದು ವಿಷಯ ಕೇಳಿದ್ದು ಅದೇ ಮೊದಲು. ನಾನು ಉಬ್ಬಿಹೋದೆ.

"ಪೂರ್ವಕ್ಕೆ ಸಾರ್" ಎಂದೆ. "ಶುಭಕಾರ್ಯ ಯಾವುದಿದ್ರೂ ಪೂರ್ವಕ್ಕೆ ಮುಖ ಮಾಡಿಯೇ."

ನಮ್ಮವರು ಮೆಲ್ಲಗೆ, "ಕ್ಲಬ್ಬಿನಲ್ಲಿ ಉತ್ತರಕ್ಕೆ ಇತ್ತಲ್ವಾ ಸಾರ್?" ಎಂದರು. ಕ್ಲಬ್ಬಿಗೆ ಅವರ ಚೀಲ ಹೊತ್ತುಕೊಂಡು ಹೋಗಿದ್ದವರು ನಮ್ಮವರೇ.

"ಆ ಕೋಚ್ ಮಾಡಿದ್ದನ್ನೆಲ್ಲ ನಾನು ಮಾಡ್ಬೇಕೂಂತ ಉಂಟಾ? ಪೂರ್ವವೇ ಆಗಲಿ. ಯಲ್ಲಾ, ಗೂಟ ತನ್ನಿ."

ಕಾಯಿ ಒಡೆದರು, ನಾನು ಕರ್ಪೂರ ಹಚ್ಚಿದೆ. ದೇವರ ಕೋಣೆಯಲ್ಲಿ ಕೂರುವವಳಿಗೆ ಪೂರ್ವ ಸರಿ. ಬಿಲ್ಲು ಹಿಡಿದವನಿಗೆ ಬೆಳಗಿನ ಸೂರ್ಯ ನೇರ ಕಣ್ಣಿಗೇ ಹೊಡೆಯುತ್ತಾನೆ ಎಂಬುದು ನನ್ನ ತಲೆಗೆ ಬರಲಿಲ್ಲ. ಉತ್ತರಕ್ಕೆ ಮಾಡುವುದು ಅದಕ್ಕೇ ಅಂತೆ. ಇದಕ್ಕಿಂತ ದೊಡ್ಡದು ಇನ್ನೊಂದಿತ್ತು: ಪೂರ್ವದ ಆ ದಿಬ್ಬದ ಹಿಂದೆ, ನಲವತ್ತು ಹೆಜ್ಜೆ ಆಚೆ, ಒಂದು ಕಾಲುದಾರಿ. ಕೆಲಸದವರ ಕೋಣೆಯಿಂದ ಹೊರಟು ರಸ್ತೆ ಬದಿಯ ಮಸೀದಿಗೆ ಹೋಗುವ ದಾರಿ. ಅದನ್ನು ಅಂದು ಯಾರೂ ನೋಡಲಿಲ್ಲ. ನಾನೂ ನೋಡಲಿಲ್ಲ.

ಜಾಗ ತಯಾರಾದ ಮೇಲಿನ ಮೊದಲ ಶುಕ್ರವಾರ ಎಂಟು ಗಂಟೆಗೆ ಅವರು ಬಿಲ್ಲೆತ್ತಿ ನಿಂತರೆ ಕಣ್ಣು ಬಿಡಲಾಗಲಿಲ್ಲ. ಟೋಪಿ ಹಾಕಿ ನೋಡಿದರು, ಕಪ್ಪು ಕನ್ನಡಕ ಹಾಕಿ ನೋಡಿದರು. ಆಮೇಲೆ, "ಸೂರ್ಯ ನೆತ್ತಿಗೆ ಬಂದ ಮೇಲೆ ಬಿಡುವಾ" ಎಂದರು. ಹನ್ನೊಂದೂವರೆಗೆ ಶುರು. ಚಳಿಗಾಲವಾದ್ದರಿಂದ ಬಿಸಿಲು ತಡೆಯುವಂತಿತ್ತು.

ನಿಜ ಹೇಳುತ್ತೇನೆ, ಬಾಣ ಬಿಡುವಾಗ ಅವರನ್ನು ನೋಡಬೇಕು. ಗೆರೆಯ ಮೇಲೆ ಪಾದ ಊರಿ, ಎಡಗೈ ಚಾಚಿ, ದಾರವನ್ನು ಗಲ್ಲದವರೆಗೆ ಎಳೆದು ನಿಂತರೆ ಉಸಿರೂ ಕಾಣಿಸುತ್ತಿರಲಿಲ್ಲ. ಅಷ್ಟು ಹೊತ್ತು ಆ ಬಾಯಿ ಮುಚ್ಚಿರುತ್ತಿತ್ತು. ಬೆರಳು ಸಡಿಲಿಸಿದರೆ ಸಣ್ಣ ಸದ್ದು, ಆಚೆ ಹುಲ್ಲಿನಲ್ಲಿ ತಪ್ ಎಂದು ಇನ್ನೊಂದು. ಮೂವತ್ತು ಮೀಟರಿನಲ್ಲಿ ಅವರು ತಪ್ಪಿದ್ದು ನಾನು ಕಂಡಿಲ್ಲ. ಅಲ್ಲಿಗೇ ನಿಲ್ಲಿಸಿದ್ದರೆ ಇದನ್ನು ಬರೆಯುವ ಅಗತ್ಯವೂ ಇರುತ್ತಿರಲಿಲ್ಲ. ಎರಡು ವಾರದಲ್ಲಿ ಗೆರೆಯನ್ನು ಹಿಂದಕ್ಕೆ ಸರಿಸಿ ಐವತ್ತು ಮೀಟರ್ ಮಾಡಿಸಿದರು. ಅಷ್ಟು ದೂರಕ್ಕೆ ಬಾಣವನ್ನು ತುಸು ಮೇಲೆತ್ತಿ ಬಿಡಬೇಕು. ಮೇಲೆತ್ತಿದ್ದು ತಪ್ಪಿದರೆ ಕಾರ್ಪೆಟ್ಟನ್ನೂ ದಾಟುತ್ತದೆ, ಎದೆ ಮಟ್ಟದ ದಿಬ್ಬವನ್ನೂ ದಾಟುತ್ತದೆ.

ದಾಟಿತು. ಆ ಶುಕ್ರವಾರ ನಾವು ಊಟಕ್ಕೆ ಕೂತಿದ್ದಾಗ ಇಸ್ಮಾಯಿಲಣ್ಣ ಮಸೀದಿಯಿಂದ ವಾಪಸು ಬಂದರು. ಜೊತೆಗೆ ಮಜ್ರಾದ ಇನ್ನು ಮೂವರು ಕೆಲಸದವರು. ಅವರಲ್ಲೊಬ್ಬ ಮುದುಕ ಪಠಾಣ, ಕಾಲು ಎಳೆದು ನಡೆಯುವವನು. ಇಸ್ಮಾಯಿಲಣ್ಣನ ಕೈಯಲ್ಲಿ ಒಂದು ಬಾಣ.

"ಸಾರ್, ಇದು ನಮ್ಮ ದಾರಿಯ ಆಚೆ ಸಿಕ್ಕಿತು. ಮರಳಲ್ಲಿ ನೆಟ್ಟಿತ್ತು."

ಅವರು ಅನ್ನ ಕಲಸುತ್ತಿದ್ದರು. "ಹ್ಞಾ, ಗೊತ್ತುಂಟು. ಅಲ್ಲಿಡು."

"ಅಲ್ಲ ಸಾರ್, ನಾವು ಹೋಗುವ ಹೊತ್ತು ಅದು."

"ನೀವು ಸ್ವಲ್ಪ ಬೇಗ ಹೋಗಿ."

"ಬೇಗ ಹೋದ್ರೂ ದಾರಿ ಅದೇ ಅಲ್ವಾ ಸಾರ್? ನೀವು ಹನ್ನೊಂದೂವರೆಗೆ ಬಿಡ್ಲಿಕ್ಕೆ ಶುರು ಮಾಡ್ತೀರಿ. ನಾವು ಹೊರಡುದು ಮುಕ್ಕಾಲಿಗೆ. ಬಾಂಗ್ ನಾನು ಕೊಡುದಲ್ಲವಲ್ಲ."

"ಹಾಗಾದ್ರೆ ಕೊಟ್ಟಿಗೆಯ ಆ ಕಡೆಯಿಂದ ಸುತ್ತು ಹಾಕಿ ಹೋಗಿ. ದೇವರ ಹತ್ರ ಹೋಗುವವರಿಗೆ ಎರಡು ಹೆಜ್ಜೆ ಹೆಚ್ಚಾದ್ರೆ ಪುಣ್ಯ."

ಎಲ್ಲರೂ ನಕ್ಕರು. ನಗಲೇಬೇಕಿತ್ತು. ಸುತ್ತು ಹಾಕಿದರೆ ಅರ್ಧ ಗಂಟೆಯ ದಾರಿ, ಆ ಪಠಾಣನ ಕಾಲಿಗೆ ಆಗುವ ಕೆಲಸವಲ್ಲ. ಪೂರ್ವ ಎಂದದ್ದು ನಾನಲ್ಲವಾ?

"ಸಾರ್, ದಿಕ್ಕು ತಿರುಗಿಸುವಾ" ಎಂದೆ. "ಉತ್ತರಕ್ಕೆ ಬರೀ ಮರಳು, ಯಾರೂ ನಡೆಯುದಿಲ್ಲ. ಯಾರಿಗಾದ್ರೂ ತಾಗಿದ್ರೆ?"

ಅವರು ಕೈಗಡಿಯಾರ ನೋಡಿದರು. "ಪೂರ್ವ ಅಂತ ಹೇಳಿದ್ದು ಯಾರು?"

"ನಾನೇ. ತಪ್ಪಾಯ್ತು."

"ಕೇಳಿದ್ರಾ?" ಉಳಿದವರ ಕಡೆ ತಿರುಗಿದರು. "ಮುಹೂರ್ತ ಇಟ್ಟದ್ದೂ ಇವರೇ, ಮುರಿಯುದೂ ಇವರೇ. ನಿಮ್ಮ ದೇವರಿಗೆ ಒಂದು ದಿಕ್ಕು ನೆಟ್ಟಗೆ ಗೊತ್ತಿಲ್ಲ. ಸಾಂಬಾರಿಗೆ ಉಪ್ಪು ಹಾಕ್ಲಿಕ್ಕೆ ಮೊದಲು ಕಲೀರಿ, ಆಮೇಲೆ ಬಿಲ್ಲಿನ ವಿಷಯ."

ಮಗಳು ನನ್ನ ಸೆರಗು ಎಳೆದು, "ಅಮ್ಮಾ, ವೈ ಈಸ್ ಎವರಿಬಡಿ ಲಾಫಿಂಗ್?" ಎಂದಳು. ಅವಳ ತಟ್ಟೆಗೆ ಇನ್ನೊಂದು ಸೌಟು ಅನ್ನ ಹಾಕಿದೆ.

ಮನೆಗೆ ಬಂದ ಮೇಲೆ ನಮ್ಮವರು ಹೇಳಿದರು, "ಮಾರಾಯ್ತಿ, ಕೈ ಮುಗೀತೇನೆ, ಸುಮ್ಮನಿರು. ರಿನ್ಯೂವಲ್ ಮಾರ್ಚಿಗೆ ಉಂಟು. ವೀಸಾ ಹೋದ್ರೆ ಮಗಳ ಶಾಲೆ ಹೋಯ್ತು, ಎಲ್ಲ ಹೋಯ್ತು."

"ಇಸ್ಮಾಯಿಲಣ್ಣನಿಗೆ ತಾಗಿದ್ರೆ?"

"ತಾಗಲಿಲ್ಲವಲ್ಲ."

ಆ ಮಾತಿಗೆ ಅವರಿಗೇ ನಾಚಿಕೆಯಾಯಿತು. ಮುಖ ತಿರುಗಿಸಿ ಟಿವಿ ಹಾಕಿದರು.

ವಾರವಿಡೀ ದೇವರ ಪಟದ ಮುಂದೆ ಕೂತೆ. ಧೈರ್ಯ ಕೊಡೆಂದು ಕೇಳಲಿಲ್ಲ. ಅವರ ಮನಸ್ಸನ್ನು ನೀನೇ ತಿರುಗಿಸು, ನನ್ನನ್ನು ಇದರಿಂದ ಬಿಟ್ಟುಬಿಡು ಎಂದು ಕೇಳಿದೆ. ಗುರುವಾರ ಸಂಜೆ ಆರಕ್ಕೆ ಫೋನ್ ಬಂತು. ಪಿಕ್ನಿಕ್, ಹತ್ತು ಜನಕ್ಕೆ. ದೇವರು ನನ್ನನ್ನು ಬಿಡಲಿಲ್ಲವೆಂದು ಗೊತ್ತಾಯಿತು.

ಮರುದಿನ ಹನ್ನೊಂದು ಗಂಟೆಯ ಸುಮಾರಿಗೆ, ಅವರು ಇನ್ನೂ ಬಿಲ್ಲು ಜೋಡಿಸುತ್ತಿದ್ದಾಗ, ಮಗಳನ್ನು ಇನ್ನೊಬ್ಬರ ಹೆಂಡತಿಯ ಜೊತೆ ಕಾರಿನ ಹತ್ತಿರ ಬಿಟ್ಟೆ. ಪಾತ್ರೆಗಳನ್ನು ಒಂದೊಂದಾಗಿ ಹೊತ್ತುಕೊಂಡು ದಿಬ್ಬದ ಹಿಂದಿನ ಆ ಕಾಲುದಾರಿಗೆ ಹೋದೆ. ನಾಲ್ಕು ಸಲ ಹೋಗಿ ಬಂದೆ. ಯಾರೂ ಏನೂ ಕೇಳಲಿಲ್ಲ, ಹೆಂಗಸು ಪಾತ್ರೆ ಹೊತ್ತು ಓಡಾಡುವುದು ಯಾರ ಕಣ್ಣಿಗೂ ಬೀಳುವುದಿಲ್ಲ. ದಾರಿಯ ಮೇಲೆಯೇ ಚಾಪೆ ಹಾಸಿದೆ, ತಟ್ಟೆ ಇಟ್ಟೆ, ಕೂತೆ.

ಹನ್ನೊಂದೂವರೆಗೆ ಅವರು ಸೀಟಿ ಊದಿದರು. ಬಾಣ ಬಿಡುವ ಮೊದಲು ಯಾರೂ ಎದುರಿಗಿರಬಾರದೆಂದು ಊದುವ ಸೀಟಿ. ನಾನು ಎದ್ದು ನಿಂತೆ. ದಿಬ್ಬದ ಮೇಲಿನಿಂದ ನನ್ನ ತಲೆ ಕಂಡಿರಬೇಕು.

"ಯಾರದು ಅಲ್ಲಿ?"

"ನಾನು ಸಾರ್. ಊಟ ಇಲ್ಲಿ ಬಡಿಸ್ತೇನೆ ಇವತ್ತು."

"ಎಂತ ತಮಾಷೆ ಇದು? ಈಚೆ ಬನ್ನಿ."

"ಇಲ್ಲಿ ಗಾಳಿ ಚೆನ್ನಾಗುಂಟು ಸಾರ್. ನೀವೇ ಬನ್ನಿ."

ಅವರು ಬಿಲ್ಲು ಹಿಡಿದುಕೊಂಡೇ ಅರ್ಧ ದಾರಿ ಬಂದರು. ಹಿಂದಿನಿಂದ ನಾಲ್ವರೂ ಬಂದರು. ನಾನು ಕೂತುಬಿಟ್ಟೆ. ಅವರು ನಮ್ಮವರ ಕಡೆ ತಿರುಗಿ, "ಜಯಕರ, ಎಬ್ಬಿಸು ಅವಳನ್ನು" ಎಂದರು. ಹನ್ನೊಂದು ವರ್ಷದಲ್ಲಿ ಏಕವಚನ ಅದೊಂದೇ ಸಲ.

ನಮ್ಮವರು ಬಂದು ನನ್ನೆದುರು ನಿಂತರು. ಆ ಮುಖವನ್ನು ನಾನು ಹೇಗೆ ವರ್ಣಿಸಲಿ. ನಮ್ಮ ಮದುವೆಯಾಗಿ ಹತ್ತು ವರ್ಷವಾಗಿತ್ತು, ಅವರು ಒಬ್ಬರಿಗೂ ಎದುರು ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ಮೆಲ್ಲಗೆ ಚಪ್ಪಲಿ ಕಳಚಿದರು. ಚಾಪೆಯ ಮೇಲೆ ಕೂತರು. "ಬಡಿಸು, ಹಸಿವಾಗ್ತದೆ" ಎಂದರು.

ಅದೇ ಹೊತ್ತಿಗೆ ಆಚೆಯಿಂದ ಇಸ್ಮಾಯಿಲಣ್ಣ, ಪಠಾಣ, ಇನ್ನಿಬ್ಬರು ಬಂದರು. ಒಗೆದ ಬಿಳಿ ಬಟ್ಟೆ, ಅತ್ತರಿನ ಪರಿಮಳ. ದಾರಿಯಲ್ಲಿ ನಮ್ಮ ಊಟದ ಅಂಗಡಿ ನೋಡಿ ಒಂದು ಕ್ಷಣ ನಿಂತರು. ಇಸ್ಮಾಯಿಲಣ್ಣ ಒಮ್ಮೆ ನನ್ನನ್ನು, ಒಮ್ಮೆ ಬಿಲ್ಲನ್ನು ನೋಡಿದರು. ಸಲಾಂ ಹೇಳಿ ಚಾಪೆಯನ್ನು ಬಳಸಿಕೊಂಡು ಹೋದರು. ಖರ್ಜೂರದ ಸಾಲು ದಾಟಿ ಕಾಣದಾದರು. ಸಾರ್ ಊಟ ಮಾಡಲಿಲ್ಲ. ಬಿಲ್ಲನ್ನು ಪೆಟ್ಟಿಗೆಗೆ ಹಾಕಿ, ಕಾರು ಹತ್ತಿ ಹೋದರು. ಉಳಿದ ಮೂವರು ನಿಂತು ನಿಂತು, ಕೊನೆಗೆ ಕೂತು ಉಂಡರು. ಉಪ್ಪು ಸರಿಯಾಗಿತ್ತು.

ಸೋಮವಾರ ನಮ್ಮವರ ಕೈಗೆ ಒಂದು ಕಾಗದ ಬಂತು. ಅಬುಧಾಬಿಯ ಶಾಖೆಗೆ ವರ್ಗ, ನಾಳೆಯೇ ಹೊರಡಬೇಕು. ಸ್ಟೋರ್‌ಕೀಪರ್ ಅಲ್ಲ, ಅಲ್ಲಿಯ ಸ್ಟೋರ್‌ಕೀಪರನ ಕೈಕೆಳಗೆ. ಅಲ್ಲಿ ಆರು ಜನರ ಒಂದು ಕೋಣೆಯಲ್ಲಿ ಮೇಲಿನ ಮಂಚ. ವಾರಕ್ಕೊಮ್ಮೆ ಬಸ್ಸು ಹಿಡಿದು ಬಂದು ಒಂದು ದಿನ ಇದ್ದು ಹೋಗುವುದು. ಒಂದು ವರ್ಷ ನಾಲ್ಕು ತಿಂಗಳು ಹಾಗೆ ನಡೆಯಿತು. ಮಗಳಿಗೆ ಜ್ವರ ಬಂದರೆ ನಾನೊಬ್ಬಳೇ. ನಮ್ಮವರ ಸೊಂಟ ಹಿಡಿದರೆ ಅಲ್ಲಿ ಅವರೊಬ್ಬರೇ. ಅವರು ಒಂದು ದಿನವೂ 'ನಿನ್ನಿಂದಾಗಿ' ಎನ್ನಲಿಲ್ಲ. ಅದು ದೊಡ್ಡದು. ವೀಸಾ ಉಳಿಯಿತು, ಅದು ಇನ್ನೊಂದು. ಮೂರನೆಯದು ನೆನೆದರೆ ಈಗಲೂ ನಗು ಬರುತ್ತದೆ: ಪಿಕ್ನಿಕ್ಕಿನ ಪಟ್ಟಿಯಿಂದ ನಮ್ಮ ಹೆಸರು ತೆಗೆದರು. ಗುರುವಾರ ಸಂಜೆ ಫೋನ್ ಬಡಿದುಕೊಳ್ಳಲಿಲ್ಲ. ಬೇರೆಯವರು ನಮಗೆ ಶಿಕ್ಷೆ ಕೊಡುವಾಗಲೂ ಒಂದು ಬೆರಳಿನಷ್ಟು ಸಂದಿಯಲ್ಲಿ ದೇವರು ಕೈ ಹಾಕುತ್ತಾನೆ. ನಾನು ಮತ್ತೆ ಭಜನೆಗೆ ಹೋದೆ.

ಮೂರು ವಾರದಲ್ಲಿ ಗುರಿ ಉತ್ತರಕ್ಕೆ ತಿರುಗಿತೆಂದು ಕೇಳಿದೆ. ಮತ್ತೆ ಕಲ್ಲು ಹೆಕ್ಕಿದರು, ಮತ್ತೆ ಹುಲ್ಲು ಪೇರಿಸಿದರು. ಈ ಸಲ ದಿಬ್ಬ ಎರಡಾಳು ಎತ್ತರ. ಅರಬಾಬಿಗೆ ಅವರು ಹೇಳಿದ್ದು, ಬಿಸಿಲು ಕಣ್ಣಿಗೆ ಬೀಳುತ್ತದೆ, ಅದಕ್ಕೇ ತಿರುಗಿಸಿದೆ ಎಂದು. ಇರಬಹುದು ಎಂದುಕೊಂಡೆ. ಆ ತಲೆಗೆ ದಾರಿಯ ವಿಷಯ ಹೋಗಲೇ ಇಲ್ಲ, ಬಿಸಿಲಿನ ಕಾಟಕ್ಕೆ ತಿರುಗಿಸಿದ್ದಾರೆ. ಏನೋ ಒಂದು ಕಾರಣಕ್ಕೆ ತಿರುಗಿತಲ್ಲ. ತಿಳಿಯದವರ ಮೇಲೆ ಸಿಟ್ಟು ಮಾಡಿ ಏನು ಸಿಗುತ್ತದೆ? ಹಾಗೆ ಹೇಳಿಕೊಂಡು ವರ್ಷಗಟ್ಟಲೆ ಮನಸ್ಸನ್ನು ತಣ್ಣಗಿಟ್ಟುಕೊಂಡೆ. ಅವರು ನಿವೃತ್ತರಾಗಿ ಊರಿಗೆ ಹೋದಾಗ ಬೀಳ್ಕೊಡುಗೆಯ ಊಟಕ್ಕೂ ಹೋಗಿ, ಪಾಯಸ ಬಡಿಸಿ ಬಂದೆ. "ಚೆನ್ನಾಗಿರಿ ಸಾರ್" ಎಂದೆ. ಅವರು ಕೈಗಡಿಯಾರ ನೋಡಿ ತಲೆಯಾಡಿಸಿದರು.

ಸಾವಿನ ಸುದ್ದಿ ಬಂದ ಮರುವಾರ ಇಸ್ಮಾಯಿಲಣ್ಣನ ಫೋನ್ ಬಂತು. ಇನ್ನೂ ಅದೇ ಮಜ್ರಾದಲ್ಲಿದ್ದಾರೆ.

"ಅಕ್ಕ, ಸಾರ್ ಹೋದ್ರಂತೆ ಅಲ್ವಾ?"

"ಹೌದಂತೆ ಇಸ್ಮಾಯಿಲಣ್ಣ."

"ಒಂದು ವಿಷಯ ಹೇಳ್ತೇನೆ. ಯಾರಿಗೂ ಹೇಳ್ಬಾರ್ದು ಅಂತ ಹೇಳಿದ್ರು. ಈಗ ಅವರಿಲ್ಲವಲ್ಲ. ಆವತ್ತು ನೀವು ಊಟ ತಕೊಂಡು ಕೂತ್ರಿ ಅಲ್ವಾ, ಮರುದಿನ ಶನಿವಾರ ಸಾರ್ ಒಬ್ರೇ ಬಂದಿದ್ರು. 'ಇಸ್ಮಾಯಿಲ್, ಆ ಬಾಣ ಬಿದ್ದ ಜಾಗ ಸರಿಯಾಗಿ ತೋರ್ಸು' ಅಂದ್ರು. ತೋರ್ಸಿದೆ. ಅಲ್ಲಿಂದ ದಾರಿಗೆ ಹೆಜ್ಜೆ ಎಣಿಸಿದ್ರು. ಆಮೇಲೆ ದಾರಿಯಲ್ಲೇ ನಿಂತು, ಬಾಣ ಬಿಡುವ ಗೆರೆಯ ಕಡೆ ನೋಡ್ತಾ ಇದ್ರು, ತುಂಬಾ ಹೊತ್ತು. ಮುಖ ಬೆವರಿತ್ತು ಅಕ್ಕ, ಚಳಿಗಾಲದಲ್ಲಿ. 'ಆ ಹೆಂಗಸು ಹೇಳಿದ್ದು ಸರಿ, ಇದನ್ನು ತಿರುಗಿಸ್ಬೇಕು. ನಾನು ಬಂದದ್ದು ಯಾ‌ರಿಗೂ ಹೇಳ್ಬೇಡ' ಅಂದ್ರು. ಒಳ್ಳೆಯ ಮನುಷ್ಯ ಅಕ್ಕ, ಒಳಗಿಂದ."

ಇಸ್ಮಾಯಿಲಣ್ಣ ನನ್ನ ಮನಸ್ಸು ತಂಪಾಗಲೆಂದೇ ಹೇಳಿದ್ದು. ನಾನು ದಿನ ಎಣಿಸಿದೆ. ಶನಿವಾರ. ಶನಿವಾರ ಆ ದಾರಿಯಲ್ಲಿ ನಿಂತು ನಾನು ಹೇಳಿದ್ದು ಸರಿ ಎಂದವರು, ಸೋಮವಾರ ನಮ್ಮವರ ವರ್ಗದ ಕಾಗದಕ್ಕೆ ಸಹಿ ಹಾಕಿದ್ದಾರೆ. ತಿಳಿಯದೆ ಮಾಡಿದರು ಎಂದು ಇಷ್ಟು ವರ್ಷ ನಾನೇ ಅವರ ಪರವಾಗಿ ನನಗೆ ಸಮಾಧಾನ ಹೇಳುತ್ತಿದ್ದೆ. ಅವರಿಗೆ ಗೊತ್ತಿತ್ತು. ಎಲ್ಲ ಗೊತ್ತಿತ್ತು. ಗುರಿಯನ್ನು ತಿರುಗಿಸಿದ್ದು ಇಸ್ಮಾಯಿಲಣ್ಣನಿಗಾಗಿ, ಅದಕ್ಕೆ ಪುಣ್ಯ ಬರಲಿ. ಆ ಕಾಗದ ಮಾತ್ರ ಕೇವಲ ತಾನು ಸೋತದ್ದನ್ನು ನಾಲ್ಕು ಜನ ನೋಡಿದರಲ್ಲ ಎಂಬುದಕ್ಕಾಗಿ. ನನ್ನ ಮಗಳು ಹದಿನಾರು ತಿಂಗಳು ಅಪ್ಪನನ್ನು ವಾರಕ್ಕೊಂದು ದಿನ ನೋಡಿದ್ದು ಅದಕ್ಕಾಗಿ.

ಸತ್ತವರಿಗೆ ಒಳ್ಳೆಯದಾಗಲೆಂದು ಬೇಡಿಕೊಳ್ಳಲು ನಾನು ದಿನಾ ಕೂರುತ್ತೇನೆ, ಬಾಯಿಗೆ ಬರುವುದಿಲ್ಲ. ಬರುವ ದಿನ ಬಂದರೆ ಬೇಡುತ್ತೇನೆ. ಪುಸ್ತಿಕೆಯವರು ಅವಸರ ಮಾಡುತ್ತಿರುವುದರಿಂದ ಅಷ್ಟರವರೆಗೆ ಕಾಯಲಾಗಲಿಲ್ಲ.

ಇದು ಯಾವುದನ್ನೂ ಅಂದು ಫೋನಿನಲ್ಲಿ ಇಸ್ಮಾಯಿಲಣ್ಣನಿಗೆ ಹೇಳಲಿಲ್ಲ. ಆ ತುದಿಯಿಂದ ಅವರು, "ಅಕ್ಕ, ಇದ್ದೀರಾ?" ಎಂದರು.

"ಇದ್ದೇನೆ. ಕಾಲು ಎಳೀತಿದ್ರಲ್ಲ, ಆ ಪಠಾಣ ಚಾಚಾ ಹೇಗಿದ್ದಾರೆ?"

"ಇಲ್ಲೇ ಉಂಟು, ನನ್ನ ಪಕ್ಕದಲ್ಲೇ. ಬಿಳಿ ಬಟ್ಟೆ ಹಾಕಿ ಕೋಲು ಹಿಡ್ಕೊಂಡು ನಿಂತು ಒಂದೇ ಸಮ ಗುರುಗುಟ್ತಾ ಉಂಟು, ಲೇಟಾಯ್ತು ಅಂತ. ಶುಕ್ರವಾರ ಅಲ್ವಾ ಅಕ್ಕ. ಹೊರಡ್ತೇವೆ ನಾವು."

"ಹೋಗಿ ಬನ್ನಿ" ಎಂದೆ.